ಸೀರೀಸ್ ಫೀಲ್ಡಿನ ಎರಡು ತುದಿ

ಮುಳಬಾಗಿಲು
೧೪ ಜುಲೈ ೨೦೨೪

ಚಿರಂಜೀವಿ ಮಾನಸಾಳಿಗೆ ಮಾವನ ಆಶೀರ್ವಾದಗಳು.

ಶ್ರೀನಿವಾಸಪುರದಲ್ಲಿ ನಿನ್ನ ಆರೋಗ್ಯ ಹೇಗಿದೆ? ಊಟ ಸೇರುತ್ತಿದೆಯೇ? ಕದಿರೇಶನ ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದು ನೆರೆದ ನಿನ್ನ ತವರಿನವರೆಲ್ಲರಿಗೂ ನನ್ನ ಕೃತಜ್ಞತೆ ತಿಳಿಸು. ಆದರೆ ಅವರ ಅನುಕಂಪವನ್ನು ನಾನು ಸ್ವೀಕರಿಸಲಾರೆ. ಮಗನನ್ನು ಕಳೆದುಕೊಂಡ ತಂದೆಯೆಂದು ಕೈಹಿಡಿದರು. ಆ ಮಗನಿಗೆ ನಾನು ಮಾಡಿದ್ದು ಅವರಿಗೆ ತಿಳಿಯದು. ನಿನಗೂ ಅರ್ಧವೇ ತಿಳಿದಿದೆ.

ಫೆಬ್ರವರಿಯಲ್ಲಿ ನಾನು ಪಾಠ ಹೇಳುವ ಪಾಲಿಟೆಕ್ನಿಕ್ಕಿನ ಡಿಸಿ ಜನರೇಟರನ್ನು ಅವನೂ ರಿಪೇರಿ ಅಂಗಡಿಯ ಅವನ ಪಾಲುದಾರ ತಾಜ್ ಪಾಷಾನೂ ರೀವೈಂಡ್ ಮಾಡಿ, ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಿ ತಂದರು. ಆ ಯಂತ್ರಕ್ಕೆ ಎರಡು ಫೀಲ್ಡ್ ಸುತ್ತುಗಳು. ಸಣ್ಣ ತಂತಿಯ ಷಂಟ್ ಸುತ್ತು ಕಾಂತಕ್ಷೇತ್ರವನ್ನು ಕಟ್ಟುತ್ತದೆ. ದಪ್ಪ ತಂತಿಯ ಸೀರೀಸ್ ಸುತ್ತು, ಲೋಡ್ ಏರಿದಾಗ ಅದಕ್ಕೆ ಬಲ ಕೂಡಿಸಿ ವೋಲ್ಟೇಜ್ ಕುಸಿಯದಂತೆ ತಡೆಯುತ್ತದೆ. ಲ್ಯಾಬಿನಲ್ಲಿ ತಂತಿ ಜೋಡಿಸಿದವನು ನಾನು. ಮೊದಲು ಇನ್ನೂರಿಪ್ಪತ್ತು ವೋಲ್ಟ್ ತೋರಿದ ಮೀಟರು, ಲೋಡಿಗೆಂದು ಇಟ್ಟ ದೀಪಗಳನ್ನು ಒಂದೊಂದಾಗಿ ಹಚ್ಚಿದಂತೆ ನೂರೈವತ್ತಕ್ಕೆ ಇಳಿಯಿತು. "ಅಪ್ಪಾ, ಸೀರೀಸ್ ಫೀಲ್ಡು ಉಲ್ಟಾ ಬಿದ್ದೈತೆ, ಷಂಟಿಗೇ ಎದುರು ನಿಂತೈತೆ. ಎರಡು ತುದಿ ಅದಲುಬದಲು ಮಾಡೋಣ, ಐದು ನಿಮಿಷದ ಕೆಲಸ" ಎಂದ ಕದಿರೇಶ. ನಲವತ್ತು ವಿದ್ಯಾರ್ಥಿಗಳ ಎದುರು ಐಟಿಐ ಓದಿದ ಮಗ ನನ್ನನ್ನು ತಿದ್ದುವುದೇ? ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಯ ಪಾರಿತೋಷಕಗಳನ್ನು ತಂದ ನಾಲಗೆ ನನ್ನದು. ಬ್ರಷ್ಷಿನ ದೋಷ, ಕಳಪೆ ತಾಮ್ರ, ಅರೆಬರೆ ವಿದ್ಯೆ ಎಂದು ಕಾಲು ಗಂಟೆ ವಾದಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು. "ಆಯ್ತು ಬಿಡಪ್ಪಾ, ನೀನೇ ಗೆದ್ದೆ" ಎಂದು ಅವನು ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡ. ರಿಜಿಸ್ಟರಿನಲ್ಲಿ "ಕೆಲಸ ಕಳಪೆ" ಎಂದು ಬರೆದೆ. "ಹೆತ್ತಪ್ಪನೇ ಒಪ್ಪದ ಕೆಲಸ ನಮಗ್ಯಾಕಯ್ಯಾ" ಎಂದು ಉಳಿದ ಕಾಲೇಜಿನವರೂ ಅವರನ್ನು ಕರೆಯುವುದು ಬಿಟ್ಟರು.

ಜೂನಿನಲ್ಲಿ ಜ್ವರ ಅವನನ್ನು ಒಯ್ದಿತು. ಕಾರ್ಯ ಮುಗಿದ ವಾರದಲ್ಲೇ ತಾಜ್ ಪಾಷಾ ಲ್ಯಾಬಿಗೆ ಬಂದು, ನನ್ನನ್ನು ಕೇಳದೆ ಆ ಎರಡು ತುದಿಗಳನ್ನು ಬದಲಿಸಿದ. ಅಷ್ಟೂ ದೀಪಗಳು ಉರಿದರೂ ಮುಳ್ಳು ಇನ್ನೂರ ಹದಿನೆಂಟರ ಕೆಳಗಿಳಿಯಲಿಲ್ಲ. "ಅವ್ನಿಗೆ ಅವತ್ತೇ ಗೊತ್ತಿತ್ತು ಸಾರ್. ನಮ್ಮಪ್ಪ ಹುಡುಗರ ಮುಂದೆ ಚಿಕ್ಕೋರಾಗ್ತಾರೆ, ಬಿಡೋ ಪಾಷಾ ಅಂದ" ಎಂದ. ಯಾರಿಗೂ ಹೇಳಬೇಡವೆಂದು ಆಗ ನಾನು ಪಾಷಾನನ್ನು ಬೇಡಿಕೊಂಡೆ. ಮಗ ತೀರಿದ ಮೇಲೂ ಅವನೆದುರು ಗೆದ್ದಿರಲು ಬಯಸಿದವನು ನಾನು. ಇದಕ್ಕಿಂತ ನಾಚಿಕೆಗೇಡು ನನಗೆ ತಿಳಿಯದು.

ಹಿರಿಯರಿಗೆ ವಂದನೆಗಳು. ನಿನಗೆ ಒಳಿತಾಗಲಿ.

ಇಂತು ನಿನ್ನ ಮಾವ,
ಅಮರನಾಥ್

ತಾ.ಕ.: ತಪ್ಪು ಜೋಡಣೆ ನನ್ನದು, ಕದಿರೇಶನ ಕೆಲಸ ನಿರ್ದೋಷವೆಂದು ನಿನ್ನೆ ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇನೆ. ನಾಳೆ ಅದೇ ವಿದ್ಯಾರ್ಥಿಗಳ ಎದುರು ಅದನ್ನು ಓದುತ್ತೇನೆ. ಬಳಿಕ ಕೋಲಾರ, ಮಾಲೂರಿನ ಕಾಲೇಜುಗಳಿಗೆ ಅದರ ಪ್ರತಿಗಳನ್ನು ನಾನೇ ಒಯ್ದು ಕೊಡುತ್ತೇನೆ. ನಿರ್ಧಾರ ನನ್ನೊಬ್ಬನದು, ಯಾರನ್ನೂ ಕೇಳಿಲ್ಲ, ನಿನ್ನನ್ನೂ.