ಮೊದಲು ಗಾಡಿಯ ಸುದ್ದಿ

ಜೈನಾಪುರ
೧೪ ಮಾರ್ಚ್ ೧೯೭೪, ಗುರುವಾರ

ವಿಜಾಪುರದ ನಮ್ಮ ಬೀಗತಿ ಗುಲಶನಬಿಯವರಿಗೆ, ನಿಮ್ಮ ಮಗಳ ಅತ್ತೆ ರೋಶನಬಿ ಜೈನಾಪುರದಿಂದ ಹೇಳುವ ಸಲಾಮು.

ನೀವು ಮುಮತಾಜಳಿಗೆ ಬರೆದ ಕಾಗದ ಮೊನ್ನೆ ಮುಟ್ಟಿತು. ಅವಳು ಓದುವ ಸ್ಥಿತಿಯಲ್ಲಿರಲಿಲ್ಲ, ನಾನೇ ಒಡೆದು ಓದಿದೆ. ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ. ನಿಮ್ಮ ಕಾಗದಗಳಿಗೆ ಒಂದು ಪದ್ಧತಿಯಿದೆ. ಮೊದಲು ಗಾಡಿಯ ಸುದ್ದಿ, ನಡುವೆ ಗಾಡಿಯ ಸುದ್ದಿ, ಕಟ್ಟಕಡೆಯ ಸಾಲಿನಲ್ಲಿ ‘ನಿನ್ನ ತಬ್ಯೇತು ಹೇಗಿದೆ’. ಆ ಪದ್ಧತಿಯನ್ನು ನಾನೇಕೆ ಮುರಿಯಲಿ? ನಾನೂ ಹಾಗೆಯೇ ಬರೆಯುತ್ತೇನೆ. ಮೊದಲು ಗಾಡಿ. ನಿಮ್ಮ ಮಗಳ ಸುದ್ದಿ, ಅವಳ ಹೊಟ್ಟೆಯಲ್ಲಿದ್ದ ಕೂಸಿನ ಸುದ್ದಿ ಕೊನೆಗೆ. ಅವಸರಪಟ್ಟು ಕೆಳಗೆ ಕಣ್ಣಾಡಿಸಬೇಡಿ. ನಾವೂ ಇಷ್ಟು ದಿನ ಕಾದಿದ್ದೇವೆ.

ನಿಮ್ಮ ಯಜಮಾನರು ಅಬ್ದುಲಗನಿ ಸಾಹೇಬರು ದೇಶಿ ಗಾಡಿಯೋ ಪರದೇಶಿ ಗಾಡಿಯೋ ಎಂದು ಮತ್ತೆ ಯೋಚನೆಗೆ ಬಿದ್ದಿದ್ದಾರೆಂದು ಬರೆದಿದ್ದೀರಿ. ಬೀಳಲಿ. ಗಾಡಿಯೆಂದರೆ ಬದನೆಕಾಯಿಯಲ್ಲ, ಹಿಚುಕಿ ನೋಡಿ ಚೀಲಕ್ಕೆ ಹಾಕಿಕೊಳ್ಳಲು. ನಾನು ಬಬಲೇಶ್ವರದ ಹೆಣ್ಣುಮಕ್ಕಳ ಸಾಲಿಯಲ್ಲಿ ಜೀವಮಾನವೆಲ್ಲ ಅಕ್ಕೋರಾಗಿದ್ದವಳು. ಗಾಡಿ ಓಡಿಸಿ ಗೊತ್ತಿಲ್ಲ, ಆದರೆ ಒಂದು ವಿಷಯದ ಎರಡು ಬದಿ ನೋಡುವುದು ಗೊತ್ತು. ದೇಶಿ ಗಾಡಿಯಾದರೆ ಸಾಮಾನು ಊರೂರಲ್ಲಿ ಸಿಗುತ್ತದೆ, ರಿಪೇರಿಯವನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾನೆ. ಆದರೆ ಅಂಬಾಸಡರ್ ನಿಮ್ಮ ಓಣಿಯಲ್ಲಿ ತಿರುಗುವುದಿಲ್ಲ. ಫಿಯಾಟ್ ಸಣ್ಣದು, ತಿರುಗುತ್ತದೆ, ಆದರೆ ಹೆಸರು ಹಚ್ಚಿ ವರ್ಷಗಟ್ಟಲೆ ಪಾಳಿ ಕಾಯಬೇಕು. ‘ನಮ್ಮ ಪಾಳಿ ಬರುವಷ್ಟರಲ್ಲಿ ನಿನ್ನ ಕೂಸು ಸಾಲಿಗೆ ಹೋಗುತ್ತಿರುತ್ತದೆ’ ಎಂದು ನೀವು ತಮಾಷೆ ಬರೆದಿದ್ದಿರಿ. ಮುಮತಾಜ ಅದನ್ನು ನನಗೆ ಎರಡು ಸಲ ಓದಿ ಹೇಳಿ ನಕ್ಕಿದ್ದಳು.

ಪರದೇಶಿ ಗಾಡಿಯ ವಕಾಲತ್ತು ಟಿಕೋಟಾದ ನಿಮ್ಮ ತಮ್ಮ ಫಕ್ರುದ್ದೀನನದು. ಸೊಲ್ಲಾಪುರದ ಗಿರಣಿಯ ಸಾಹೇಬನೊಬ್ಬ ಮಾರಲಿಟ್ಟ ಜರ್ಮನಿ ಗಾಡಿಯನ್ನು ಅವನೇ ಹುಡುಕಿದ್ದಂತೆ. ಎಂಜಿನ್ನು ಹಿಂದೆ, ಪೆಟ್ಟಿಗೆ ಇಡುವ ಜಾಗ ಮುಂದೆ. ‘ಪರದೇಶದವ್ರು ಕಬ್ಬಿಣದಾಗ ಮೋಸ ಮಾಡೂದಿಲ್ಲ’ ಎಂದು ಅವನು, ‘ಒಂದು ಬೋಲ್ಟ್ ಬೇಕಂದ್ರ ಮುಂಬೈ ದಾರಿ ಹಿಡೀಬೇಕಲೇ’ ಎಂದು ನಿಮ್ಮ ಯಜಮಾನರು. ಪೆಟ್ರೋಲು ಬೇರೆ ಬೆಂಕಿಯಾಗಿದೆ. ಯಾವುದು ಕಡಿಮೆ ಕುಡಿಯುತ್ತದೆ, ಯಾವುದು ಏರಿನಲ್ಲಿ ಏದುಸಿರು ಬಿಡುವುದಿಲ್ಲ, ಬಿಳಿ ಬಣ್ಣವೋ ತಿಳಿನೀಲಿಯೋ. ಬಣ್ಣಕ್ಕೆಂದೇ ಒಂದು ಪೂರ್ತಿ ಕಾಗದ ಬರೆದಿರಿ. ನಿಮ್ಮ ಅಕ್ಷರ ದುಂಡಗಿದೆ. ನನ್ನ ವಿದ್ಯಾರ್ಥಿನಿಯಾಗಿದ್ದರೆ ಅದಕ್ಕೆ ಅಂಕ ಕೊಡುತ್ತಿದ್ದೆ.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂಬುದು ನಮ್ಮಿಬ್ಬರಿಗೂ ಗೊತ್ತು. ಮದುವೆಗೆ ನೀವು ಅಡತಿ ಅಂಗಡಿಯ ಲಾರಿಯಲ್ಲಿ ಬಂದಿಳಿದಿರಿ. ನಿಮ್ಮ ರೇಷ್ಮೆ ಸೀರೆಯ ತುಂಬ ಶೇಂಗಾದ ಹೊಟ್ಟು. ಬೀಗರೆಂದ ಮೇಲೆ ಒಂದು ಮಾತು ಅನ್ನುವುದು ಎಲ್ಲ ಕಡೆ ಇದ್ದದ್ದೇ. ‘ಬೀಗತಿ, ಮಗಳನ್ನ ಬಾಣಂತನಕ್ಕ ಕರಿಯಾಕ ಬರೂಮುಂದ ಲಾರಿ ತರಬ್ಯಾಡ್ರಿ, ನಮ್ಮ ಸೊಸಿ ಶೇಂಗಾದ ಚೀಲ ಅಲ್ಲ’ ಎಂದೆ. ಚಪ್ಪರವೆಲ್ಲ ನಕ್ಕಿತು. ಅಬ್ದುಲಗನಿ ಸಾಹೇಬರು ಮಾತ್ರ ನಗಲಿಲ್ಲ. ಎದ್ದು ನಿಂತು, ‘ಮೊದಲ ಬಾಣಂತನಕ್ಕ ಕರಿಯಾಕ ಬಂದ್ರ ನಮ್ಮ ಸ್ವಂತ ಮೋಟಾರದಾಗ ಬರತೇವ್ರಿ, ಇಲ್ಲಂದ್ರ ಬರೂದಿಲ್ಲ’ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಒಂದು ತಮಾಷೆಯ ಮಾತನ್ನು ಎದೆಗೆ ಕಟ್ಟಿಕೊಂಡು ತಿರುಗುವ ಗಂಡಸಿಗೆ ನಾನೇನು ಮಾಡಲಿ? ಮಾತು ಕೊಟ್ಟವರು ಅವರು.

ಏಳು ತುಂಬಿದಾಗ ತವರಿನವರು ಬಂದು ಕರೆದೊಯ್ಯುವುದು ನಮ್ಮೆಲ್ಲರ ರೂಢಿ. ಏಳು ತುಂಬಿತು. ಮುಮತಾಜ ಟ್ರಂಕು ಕಟ್ಟಿದಳು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತವಳು ಮೋಟಾರಿನ ಸದ್ದಾದರೆ ಸೆರಗು ಸರಿಮಾಡಿಕೊಂಡು ಏಳುವಳು. ಗ್ರಾಮಸೇವಕರ ಜೀಪು ಬಂದರೂ ಏಳುವಳು, ಹತ್ತಿಯ ಲಾರಿ ಬಂದರೂ ಏಳುವಳು. ದಿನ ತುಂಬಿದಂತೆ ಏಳುವುದು ಕಷ್ಟವಾಯಿತು, ಗೋಡೆ ಹಿಡಿದು ಏಳತೊಡಗಿದಳು. ‘ಕುಂಡರವಾ, ನಿಮ್ಮಪ್ಪ ಇನ್ನೂ ಗಾಲಿ ಎಣಿಸಾಕತ್ತಾನ’ ಎಂದು ನಾನು ಹೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ‘ಅಬ್ಬಾ ಮಾತಿಗೆ ತಪ್ಪವ್ರಲ್ಲರಿ ಅತ್ತಿ, ಬರತಾರ’ ಎಂದು ನನ್ನ ಕಡೆ ಬೆನ್ನು ಹಾಕಿ ಕೂಡುತ್ತಿದ್ದಳು. ನಿಮ್ಮ ಪರವಾಗಿ ಈ ಮನೆಯಲ್ಲಿ ಜಗಳಾಡಿದವಳು ಅವಳೊಬ್ಬಳೇ.

ನಮ್ಮ ಮನೆಯ ಮುಂದೆಯೇ ದಿನಾ ಮುಂಜಾನೆ ವಿಜಾಪುರದ ಬಸ್ಸು ನಿಲ್ಲುತ್ತದೆ. ಒಂದು ತಾಸಿನ ದಾರಿ. ಅದೂ ದೇಶಿಯೇ, ಅದಕ್ಕೂ ನಾಲ್ಕು ಗಾಲಿಗಿಂತ ಕಡಿಮೆಯಿಲ್ಲ. ನನ್ನ ಮಗ ಇಸಾಕ ಒಂದು ದಿನ ನನ್ನೆದುರು ಬಂದು ನಿಂತು, ‘ಅಮ್ಮಾ, ನಾ ಆಕಿನ್ನ ಬಸ್ಸಿಗೆ ಒಯ್ದು ಅವರ ಮನಿಗೆ ಬಿಟ್ಟು ಬರತೇನಿ. ಒಂಬತ್ತು ನಡದಾವ, ಇನ್ನ ಕಾಯೂದು ಬ್ಯಾಡ’ ಎಂದ. ನಾನು ಬೇಡವೆಂದೆ. ನಾಲ್ಕು ಜನರ ಮುಂದೆ ಸ್ವಂತ ಮೋಟಾರಿನ ಮಾತಾಡಿದವರ ಬಾಗಿಲಿಗೆ ನಾವೇ ಸೊಸೆಯನ್ನು ಬಸ್ಸಿನಿಂದ ಇಳಿಸಿದರೆ ಅವರ ಮುಖ ಎಲ್ಲಿ ಉಳಿಯಿತು? ನಾಳೆ ನೀವೇ ‘ಬಸುರಿಯನ್ನು ಹೊರಹಾಕಿದರು’ ಎಂದು ಓಣಿಯಲ್ಲಿ ಹೇಳುತ್ತಿರಲಿಲ್ಲವೇ? ನಿಮ್ಮ ಮರ್ಯಾದೆ ನಾನು ಕಾಯ್ದೆ. ಇಸಾಕ ನನ್ನ ಮಾತು ಮೀರುವವನಲ್ಲ.

ಮುಮತಾಜ ನಿಮಗೆ ಬರೆದಿದ್ದಳು, ‘ಬಸ್ಸಿಗಾದರೂ ಬಂದು ಕರೆದುಕೊಂಡು ಹೋಗಿರಿ, ನನಗೆ ಹೆದರಿಕೆ ಬರುತ್ತಿದೆ’ ಎಂದು. ನೀವು ಏನು ಉತ್ತರ ಬರೆದಿರಿ ನೆನಪಿದೆಯೇ? ‘ಬಸ್ಸಿಗೆ ಬಂದರೆ ನಿನ್ನ ಅತ್ತೆ ನಗುತ್ತಾಳೆ.’ ಅವಳು ಆ ಕಾಗದವನ್ನು ನನಗೆ ತೋರಿಸಲಿಲ್ಲ. ದಿಂಬಿನ ಕೆಳಗಿತ್ತು, ನಾನು ನೋಡಿದೆ. ನಿಮ್ಮ ಅಂದಾಜು ತಪ್ಪಲ್ಲ, ಬೀಗತಿ. ನಾನು ನಕ್ಕೇ ನಗುತ್ತಿದ್ದೆ. ಒಂದು ದಿನ ನಗುತ್ತಿದ್ದೆ, ಬಹಳವಾದರೆ ಎರಡು ದಿನ. ನನ್ನ ನಗೆಗೆ ನೀವಿಬ್ಬರೂ ಎಷ್ಟು ಬೆಲೆ ಕಟ್ಟಿದ್ದೀರೆಂದು ನನಗೂ ಆಗಲೇ ತಿಳಿದದ್ದು.

ಕೊನೆಗೂ ಹೋದ ತಿಂಗಳು ಜರ್ಮನಿ ಗಾಡಿಯೇ ಗಟ್ಟಿಯಾಯಿತು ಎಂದು ಬರೆದಿರಿ. ಮುಮತಾಜ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಆದರೆ ಅಷ್ಟರಲ್ಲಿ ಸಫರ ತಿಂಗಳು ಹತ್ತಿತ್ತು. ತೇರಾ ತೇಜಿಯೆಂಬ ಈ ತಿಂಗಳ ಮೊದಲ ಹದಿಮೂರು ದಿನ ಕೆಟ್ಟವು, ಹೊಸ ವಸ್ತುವನ್ನು ಮನೆಗೆ ತರಬಾರದು, ಮುಗಿದ ಮೇಲೆ ಸೊಲ್ಲಾಪುರದಿಂದ ಗಾಡಿ ತಂದು ನೆಟ್ಟಗೆ ಜೈನಾಪುರಕ್ಕೇ ಬರುತ್ತೇವೆ ಎಂದು ಸೇರಿಸಿದ್ದಿರಿ. ಹದಿಮೂರು ದಿನ ತಾಳು ಎಂದು ನೀವು ಮಗಳಿಗೆ ಹೇಳಬಲ್ಲಿರಿ. ಹೊಟ್ಟೆಯೊಳಗಿನ ಕೂಸಿಗೆ ಹಾಗೆ ಕಾಗದ ಬರೆದು ಹೇಳಲಾಗುವುದಿಲ್ಲ. ಮೊನ್ನೆ ಬಂದ ಕಾಗದದಲ್ಲಂತೂ ನಿಮ್ಮ ಓಣಿಯ ಪ್ರಲ್ಹಾದ ವಕೀಲರು ಪರದೇಶಿ ಗಾಡಿ ಬೇಡವೆಂದರು, ಆದ್ದರಿಂದ ಮತ್ತೆ ದೇಶಿ ಗಾಡಿಯ ವಿಚಾರ ನಡೆದಿದೆ, ಇನ್ನೊಂದು ವಾರ ಎಂದಿದ್ದೀರಿ. ಅಲ್ಲಿಗೆ ಗಾಡಿಯ ಸುದ್ದಿ ಮುಗಿಯಿತು.

ಇನ್ನು ನಿಮ್ಮ ಮಗಳ ಸುದ್ದಿ.

ತೇರಾ ತೇಜಿ ಮುಗಿಯುವ ದಿನ, ಶುಕ್ರವಾರ, ಇಸಾಕ ಜುಮ್ಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಮುಮತಾಜಳಿಗೆ ಬೇನೆ ಹತ್ತಿತ್ತು. ಸೂಲಗಿತ್ತಿ ಸಖೂಬಾಯಿಯನ್ನು ಕರೆಸಿದೆ. ಅವಳು ಹೊಟ್ಟೆ ಮುಟ್ಟಿ ನೋಡಿ, ‘ಅಕ್ಕೋರ, ಕೂಸು ಕಾಲು ಮುಂದ ಮಾಡೇತ್ರಿ. ಇದು ನನ್ನ ಕೈಯಾಗಿಂದಲ್ಲ, ದವಾಖಾನಿಗೆ ಒಯ್ರಿ’ ಎಂದಳು. ಮುಂಜಾನೆಯ ಬಸ್ಸು ಹೋಗಿಬಿಟ್ಟಿತ್ತು. ಇಸಾಕ ಊರೆಲ್ಲ ಓಡಿ ನೆರೆಮನೆಯ ಶಿವಯೋಗೆಪ್ಪನ ಟ್ರ್ಯಾಕ್ಟರು ತಂದ. ಟ್ರಾಲಿಯಲ್ಲಿ ಜೋಳದ ಕಣಿಕೆ ಹರಡಿ, ಮೇಲೆ ಕೌದಿ ಹಾಸಿ ಅವಳನ್ನು ಮಲಗಿಸಿದೆವು. ಇದು ಯಾವ ದೇಶದ್ದು, ಎಂಜಿನ್ನು ಮುಂದಿದೆಯೋ ಹಿಂದಿದೆಯೋ ಎಂದು ಯಾರೂ ಕೇಳಲಿಲ್ಲ.

ಬಬಲೇಶ್ವರದ ದಾರಿ ನಿಮಗೆ ನೆನಪಿರಲಿಕ್ಕಿಲ್ಲ, ಮದುವೆಯ ನಂತರ ನೀವು ಬಂದಿಲ್ಲ. ಕಲ್ಲು ತೇಲಿದ ದಾರಿ. ಒಂದೊಂದು ಕಲ್ಲಿಗೂ ಟ್ರಾಲಿ ಎದ್ದು ಬೀಳುತ್ತಿತ್ತು. ಅವಳು ಕೂಗಲಿಲ್ಲ. ಇಸಾಕನ ಅಂಗಿ ಹಿಡಿದುಕೊಂಡು ಒಂದೇ ಮಾತು ಹೇಳುತ್ತಿದ್ದಳು: ‘ಎದ್ದು ನೋಡ್ರಿ, ಎದುರಿಗೆ ಅಬ್ಬಾನ ಗಾಡಿ ಬರಾಕತ್ತಿರಬೇಕು. ಇವತ್ತ ಮುಗೀತು, ಇವತ್ತ ಬರತಾರ.’ ಇಸಾಕ ಪ್ರತಿ ಸಲವೂ ಎದ್ದು ನೋಡಿದ. ಬರುತ್ತಿಲ್ಲವೆಂದು ಅವನಿಗೂ ಗೊತ್ತಿತ್ತು, ಆದರೂ ಎದ್ದು ನೋಡಿದ. ಕೊನೆಕೊನೆಗೆ ಧೂಳು ಕಂಡಂತಾಯಿತು ಎಂದು ಸುಳ್ಳೂ ಹೇಳಿದ.

ಬಬಲೇಶ್ವರ ಮುಟ್ಟುವ ಮೊದಲೇ ಗಂಡುಮಗು ಹುಟ್ಟಿತು. ಸಖೂಬಾಯಿ ಕಣಿಕೆಯ ಮೇಲೆಯೇ ಹೊಕ್ಕಳಬಳ್ಳಿ ಕೊಯ್ದಳು. ಮೈ ನೀಲಿಯಾಗಿತ್ತು. ಬಬಲೇಶ್ವರದ ದವಾಖಾನೆಯ ಡಾಕ್ಟರು ಮುಮತಾಜಳಿಗೆ ಸೂಜಿ ಹಾಕಿ ಅವಳ ಜೀವ ಉಳಿಸಿದರು. ಕೂಸು ಉಳಿಯಲಿಲ್ಲ. ನಮ್ಮ ಕಬರಸ್ತಾನದಲ್ಲಿ ನನ್ನ ಯಜಮಾನರ ಪಕ್ಕದಲ್ಲಿ ಮಣ್ಣು ಮಾಡಿದ್ದೇವೆ. ಇಸಾಕ ಮಣ್ಣು ಕೊಟ್ಟ, ಓಣಿಯ ಗಂಡಸರು ಕೊಟ್ಟರು, ಶಿವಯೋಗೆಪ್ಪನೂ ಕೊಟ್ಟ. ಕೂಸಿನ ಅಜ್ಜನ ಹಿಡಿ ಮಣ್ಣು ಮಾತ್ರ ಬೀಳಲಿಲ್ಲ. ಅದು ಅಬ್ದುಲಗನಿ ಸಾಹೇಬರಿಗೆ ಕೊನೆತನಕ ಕೊರೆಯುತ್ತದೆ. ಕೊರೆಯಲಿ ಎಂದೇ ಬರೆದಿದ್ದೇನೆ.

ಮುಮತಾಜ ಈಗ ಎದ್ದು ಕೂಡುತ್ತಾಳೆ. ನಾನು ಉಣಿಸಿದರೆ ಗಂಜಿ ಉಣ್ಣುತ್ತಾಳೆ. ಎದೆ ಕಟ್ಟಿ ಜ್ವರ ಬಂದಿತ್ತು, ಹಾಲು ಬತ್ತಲಿ ಎಂದು ಮಲ್ಲಿಗೆ ಹೂ ಕಟ್ಟುತ್ತಿದ್ದೇನೆ. ಆ ವಾಸನೆಗೆ ಅವಳು ಮುಖ ತಿರುಗಿಸುತ್ತಾಳೆ. ನಿಮ್ಮ ಕಾಗದ ಬಂದಿದೆ ಎಂದೆ. ‘ಗಾಡಿ ಬಂತಂತೇನು’ ಎಂದು ಕೇಳಿದಳು. ಇನ್ನೂ ಇಲ್ಲವೆಂದೆ. ಗೋಡೆಯ ಕಡೆಗೆ ಹೊರಳಿ, ‘ಅವರು ಬಂದ್ರ ನಾ ಮಲಗೇನಿ ಅಂತ ಹೇಳ್ರಿ ಅತ್ತಿ’ ಎಂದಳು. ಅಂದಿನಿಂದ ಮೋಟಾರಿನ ಸದ್ದಾದರೆ ಏಳುವುದಿಲ್ಲ. ಟ್ರಂಕಿನ ಬಟ್ಟೆಯನ್ನೆಲ್ಲ ನಾನೇ ತೆಗೆದು ನಮ್ಮ ಕಪಾಟಿನಲ್ಲಿ ಇಟ್ಟಿದ್ದೇನೆ. ಈಗ ಅವಳು ನನ್ನ ಮಗಳು.

ಗಾಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇಕಿದ್ದರೆ, ಸಾವಕಾಶವಾಗಿ ನೋಡಿ ತೆಗೆದುಕೊಳ್ಳಿ. ದೇಶಿಯಾದರೂ ಸರಿ, ಪರದೇಶಿಯಾದರೂ ಸರಿ. ಹಿಂದಿನ ಸೀಟು ಸಣ್ಣದಿದ್ದರೂ ನಡೆಯುತ್ತದೆ. ನೀವಿಬ್ಬರೇ ತಾನೇ ಕೂಡುವವರು.

ನಿಮ್ಮ ಬೀಗತಿ,
ರೋಶನಬಿ

ತಾ.ಕ.: ಇಷ್ಟು ಬರೆದ ಮೇಲೆ ಒಂದನ್ನು ನಾನೇಕೆ ಮುಚ್ಚಿಡಲಿ. ಕೂಸು ಹುಟ್ಟಿದ ಕೂಡಲೇ ಹೋಗಲಿಲ್ಲ. ಶನಿವಾರ ಮಧ್ಯಾಹ್ನದವರೆಗೆ ಇತ್ತು. ಅಂದು ಮುಂಜಾನೆ ನಾನು ಬಬಲೇಶ್ವರದ ಟಪಾಲು ಕಚೇರಿಗೆ ಹೋಗಿ ನಿಮಗೆ ತಾರು ಕೊಡಲು ನಿಂತಿದ್ದೆ. ಏನಂತ ಕಳಿಸಲಿ ಎಂದು ಬಾಬು ಕೇಳಿದ. ಆಗ ಹೊಳೆಯಿತು, ತಾರು ಮುಟ್ಟಿದರೆ ಅಬ್ದುಲಗನಿ ಸಾಹೇಬರು ಗಾಡಿಗೀಡಿ ಮರೆತು ಸಿಕ್ಕ ಬಸ್ಸು ಹತ್ತಿ ಓಡಿ ಬರುತ್ತಾರೆ. ಬಸ್ಸಿನಿಂದ ಇಳಿದ ಅಪ್ಪನನ್ನು ಕಂಡರೆ ಮುಮತಾಜ ಎಲ್ಲ ಮಾಫು ಮಾಡಿ, ಕೂಸನ್ನು ಎತ್ತಿಕೊಂಡು ಅವರ ಹಿಂದೆಯೇ ಹೊರಟುಬಿಡುತ್ತಾಳೆ. ಏನೂ ಇಲ್ಲಪ್ಪ ಎಂದು ಬಾಬುವಿಗೆ ಹೇಳಿ ತಿರುಗಿ ಬಂದೆ. ನಾನು ದವಾಖಾನೆಗೆ ಬಂದಾಗ ಕೂಸು ಇನ್ನೂ ಇಸಾಕನ ಬೆರಳು ಹಿಡಿದುಕೊಂಡಿತ್ತು.