ನಿಮ್ಮ ಬಾಗಿಲ ಪಕ್ಕದ ಕುರ್ಚಿ

ನಡು ಮಹಡಿಯ ಓನರಮ್ಮನವರಿಗೆ, ಮೇಲಿನ ಮನೆಯ ಸೊಸೆಯ ನಮಸ್ಕಾರ.

ಮಾವನವರ ಶ್ವಾಸಕೋಶದ ಕಾಯಿಲೆ ನೋಡಿ ಕೆಳಗಿನ ಮನೆ ಕೊಡುತ್ತೇನೆಂದಿರಿ. ನಿಮ್ಮದು ದೊಡ್ಡ ಮನಸ್ಸು. ಆದರೆ ಬೇಡಮ್ಮ. ಇನ್‌ಹೇಲರ್‌ನಷ್ಟೇ ನಡಿಗೆಯೂ ಮುಖ್ಯ ಎಂದು ಡಾಕ್ಟರ್ ಹೇಳಿದ್ದಾರೆ. ಸಿಗರೇಟು ಬಿಟ್ಟ ಹಟವನ್ನೆಲ್ಲ ಮಾವ ಈಗ ಮೆಟ್ಟಿಲ ಮೇಲೆ ತೋರಿಸುತ್ತಿದ್ದಾರೆ.

ಅವರು ನಿಮ್ಮ ಬಾಗಿಲ ಮುಂದೆ ನಿಲ್ಲುವುದು ಒಳಗಿನ ಮಾತು ಕೇಳುವುದಕ್ಕಲ್ಲ, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದಕ್ಕೆ. ಕ್ಲಿನಿಕ್ಕಿನಲ್ಲಿ ನರ್ಸ್ ಅದನ್ನು ಕಲಿಸಲು ಬಂದಾಗ, ಚಿನ್ನ ಬೆಸೆಯಲು ಊದುಗೊಳವೆಯಲ್ಲಿ ದೀಪ ಊದಿಯೇ ಪಳಗಿದ ಮಾವ, "ಅಕ್ಕಸಾಲಿಗನಿಗೆ ಊದೋದು ಹೇಳ್ಕೊಡ್ತೀಯೇನಮ್ಮ? ದೀಪ ಬಾಗ್ಬೇಕು, ಆರಬಾರದು. ಅಷ್ಟೇ ತಾನೇ?" ಎಂದು ನಕ್ಕರು. ಈಗ ಉಳಿದ ರೋಗಿಗಳಿಗೆ ಅವರೇ ಮೇಷ್ಟ್ರು.

ಒಂದು ಕೋರಿಕೆ ಇದೆ. ಆ ಹೊತ್ತಿನಲ್ಲಿ ಬಾಗಿಲು ತೆರೆದು "ಹೇಗಿದ್ದೀರಿ?" ಎಂದು ಕೇಳಬೇಡಿ. ಕೇಳಿದರೆ ಉತ್ತರ ಕೊಡದೆ ಬಿಡುವವರಲ್ಲ, ಕೊಡಲು ಹೋದರೆ ಏದುಸಿರು ಬರುತ್ತದೆ.

ಅವರಿಗೆಂದು ನೀವು ಬಾಗಿಲ ಪಕ್ಕ ಇಟ್ಟ ಕುರ್ಚಿಯಲ್ಲಿ ನಿನ್ನೆ ಕೂರಲೇ ಇಲ್ಲ. ಮೇಲೆ ಬಂದವರೇ, "ಓನರಮ್ಮನ ಕುರ್ಚಿ ಖಾಲಿ ಇದೆ, ಬೇಕಾದ್ರೆ ನೀನು ಹೋಗಿ ಕೂತ್ಕೋ" ಎಂದರು.

ಆದರೂ ಅದನ್ನು ತೆಗೆಯಬೇಡಿ. ಅದಿಲ್ಲದಿದ್ದರೆ ಅವರು ಏನನ್ನು ದಾಟಿ ಬಂದೆನೆಂದು ಹೇಳಿಕೊಳ್ಳಬೇಕು?

ಇಂತಿ,
ಇನ್ನೂ ಆ ಕುರ್ಚಿ ಬೇಕಾಗಿರುವ
ನಿಮ್ಮ ಮೇಲಿನ ಮನೆಯ ಸೊಸೆ