ಪರಸ್ಕಾ ಅವರ ಅಡುಗೆಮನೆಯಿಂದ

ಸಸ್ಕಾಚೆವಾನ್, ಕೆನಡಾ
ಫೆಬ್ರವರಿ 1941

ಅಮ್ಮಾ,

ನನಗೇನೂ ಆಗಿಲ್ಲ, ಮೈಮೇಲೆ ಒಂದು ಗೀರೂ ಇಲ್ಲ. ಇವತ್ತು ಇಲ್ಲಿನ ವಾಯುಪಡೆಯ ತರಬೇತಿ ವಿಮಾನವನ್ನು ಒಬ್ಬನೇ ಹಾರಿಸುವಾಗ ಹಿಮದಲ್ಲಿ ದಾರಿ ತಪ್ಪಿತು. ಇಲ್ಲಿ ಪೈಲಟ್‌ಗಳೆಲ್ಲ ಮಾಡುವಂತೆ, ಎತ್ತರದ ಗೋಧಿ ಕಣಜದ ಮೇಲೆ ದೊಡ್ಡದಾಗಿ ಬರೆದ ಊರ ಹೆಸರು ಓದಲು ಕೆಳಗೆ ಹಾರಿದೆ. ಅಷ್ಟರಲ್ಲಿ ಪೆಟ್ರೋಲ್ ಮುಗಿಯಿತು, ಹೊಲದಲ್ಲೇ ಇಳಿಸಿದೆ. ಹೊಲದೊಡತಿ ಪರಸ್ಕಾ ಸಲಿಕೆ ಹಿಡಿದೇ ಓಡಿಬಂದರು.

"ಅಮೆರಿಕದೋನಾ? ನಿಮ್ಮ ದೇಶಕ್ಕೆ ಯುದ್ಧವೇ ಬಂದಿಲ್ಲ, ನಿನಗ್ಯಾಕೋ ಬೇಕಿತ್ತು ಈ ಉಸಾಬರಿ?"

ಬೈಯುತ್ತಲೇ ಬಿಸಿ ಬೀಟ್‌ರೂಟ್ ಸಾರು ಕೊಟ್ಟರು. ಮಗನಿಗೆಂದು ಹೆಣೆದಿದ್ದ ಉಣ್ಣೆಯ ಕಾಲುಚೀಲ ನನಗೆ ತೊಡಿಸಿದರು. ಧನ್ಯವಾದ ಹೇಳಿದರೆ, "ನನಗ್ಯಾಕೆ? ಮೊದಲು ನಿಮ್ಮಮ್ಮಂಗೆ ಬರಿ" ಎಂದು ಈ ಕಾರ್ಡು ಮುಂದಿಟ್ಟರು. ಅವರ ಮಗ ಇಂಗ್ಲೆಂಡಿನಲ್ಲಿ ಪೈಲಟ್, ನವೆಂಬರಿನಿಂದ ಸುದ್ದಿಯಿಲ್ಲವಂತೆ.

ನನ್ನನ್ನು ಕರೆದೊಯ್ಯಲು ಲಾರಿ ಬಂತು. ಉತ್ತರವನ್ನು ಇವರ ವಿಳಾಸಕ್ಕೇ ಬರಿ ಅಮ್ಮಾ. ಈ ಮನೆಗೂ ಒಂದು ಕಾಗದ ಬರಲಿ.

ನಿನ್ನ ಎಲ್ಡನ್